ಹಿಮ್ಮಡಿ ಒಪ್ಪಿದ ಮಾತು

“‘ಆದ್ದರಿಂದ’ ಎಂಬ ಮಾತಿಗೆ ಬಲ ಎಲ್ಲಿಂದ ಬರುತ್ತದೆ, ಅವ್ವಾ?”

ಹೊನ್ನವ್ವೆಯನ್ನು ಹೀಗೆ ಕೇಳಿದವನು ಬಂಕಯ್ಯ. ತರ್ಕ ಓದಿದವನು. ಓದು ಮುಗಿಸಿ, ದೊಡ್ಡ ಊರೊಂದರ ವಿದ್ವತ್ಸಭೆಯಲ್ಲಿ ವಾದಕ್ಕೆ ನಿಂತು, ನಗೆಪಾಟಲಾಗಿ, ಅಲ್ಲಿಂದ ನೇರವಾಗಿ ತನ್ನ ಹಳೆಯ ಗುರುವನ್ನು ಹುಡುಕಿಕೊಂಡು ಬಂದಿದ್ದ. ಹುಡುಕುವುದು ಸುಲಭವಾಗಿರಲಿಲ್ಲ. ಹೊನ್ನವ್ವೆಗೆ ಮಠವಿರಲಿಲ್ಲ. ಆಕೆ ಊರೂರು ನಡೆಯುತ್ತಿದ್ದಳು, ನಿಂತಲ್ಲಿ ಪಾಠ ಹೇಳುತ್ತಿದ್ದಳು. ಈ ಸಲ ದಾರಿಬದಿಯ ಒಂದು ಛತ್ರದ ಜಗಲಿಯಲ್ಲಿ ಸಿಕ್ಕಿದ್ದಳು. ಅಲ್ಲಿಂದಲೂ ಹೊರಡುವ ತಯಾರಿಯಲ್ಲಿದ್ದಳು.

“ಯಾರು ಏನಂದರು?” ಎಂದಳು.

“ಸಭೆಯಲ್ಲಿ ಮೂರೇ ಮಾತು ಹೇಳಿದೆ. ಈ ಸಭೆಯ ಇಬ್ಬರು ಹಿರಿಯರು ಒಂದೇ ವಿಷಯದಲ್ಲಿ ಒಂದಕ್ಕೊಂದು ವಿರುದ್ಧವಾದ ಮಾತಾಡಿದ್ದಾರೆ ಎಂದೆ. ಹೌದು ಎಂದರು. ವಿರುದ್ಧವಾದ ಎರಡು ಮಾತು ಎರಡೂ ನಿಜವಾಗಲಾರವು ಎಂದೆ. ಅದಕ್ಕೂ ಹೌದು ಎಂದರು. ಆದ್ದರಿಂದ ಇಬ್ಬರಲ್ಲಿ ಒಬ್ಬರಾದರೂ ತಪ್ಪಿದ್ದಾರೆ ಎಂದೆ. ಅಷ್ಟಕ್ಕೆ ಇಡೀ ಸಭೆ ಎದ್ದು ನಿಂತಿತು. ಮೊದಲೆರಡು ಶಾಸ್ತ್ರವಂತೆ, ಮೂರನೆಯದು ಉದ್ಧಟತನವಂತೆ.”

ಹೊನ್ನವ್ವೆಗೆ ನಗು ಬಂತು. ಬಂಕಯ್ಯನಿಗೆ ಬರಲಿಲ್ಲ.

“ಹೆಜ್ಜೆ ತಪ್ಪಿದ್ದರೆ ತೋರಿಸಿ ಎಂದೆ. ತಪ್ಪೇನಿಲ್ಲ, ಆದರೆ ಕೊನೆಯ ಮಾತನ್ನು ಒಪ್ಪುವುದು ಬಿಡುವುದು ದೊಡ್ಡವರಿಗೆ ಸೇರಿದ್ದು ಎಂದರು. ಅವ್ವಾ, ಆ ಸಭೆಯಲ್ಲಿ ನಿಮ್ಮ ಹೆಸರಿಗೆ ಇನ್ನೂ ಮರ್ಯಾದೆ ಇದೆ. ಬಂಕಯ್ಯನ ವಾದ ಸರಿ ಎಂದು ನೀವು ಹೇಳಿ ಕಳಿಸಿದರೆ ಸಾಕು. ಇಲ್ಲವಾದರೆ ಆ ಊರಿನಲ್ಲಿ ನಾನು ಮತ್ತೆ ಮುಖ ಎತ್ತುವ ಹಾಗಿಲ್ಲ.”

“ನನ್ನ ಮಾತು ಬಂದರೆ ನಿನ್ನ ವಾದ ಸರಿಯಾಗುತ್ತದೆಯೇ?”

“ಸರಿ ಈಗಲೂ ಇದೆ. ಬಲ ಬರುತ್ತದೆ.”

ಹೊನ್ನವ್ವೆ ಕಟ್ಟಿದ್ದ ಗಂಟನ್ನು ಕೆಳಗಿಟ್ಟು, “ಕೂತುಕೋ,” ಎಂದಳು. ಬಂಕಯ್ಯ ಕೂತ. ಆಕೆ ಹೇಳಿದ ಕತೆ ಇದು.

ಒಂದು ಹೊಳೆ. ಹೊಳೆಯ ನಡುವೆ ಒಂದು ನಡುಗಡ್ಡೆ. ನಡುಗಡ್ಡೆಯ ಮೇಲೆ ಒಂದು ಊರು, ಊರಿಗೆ ಒಬ್ಬಳು ದೇವಿ, ದೇವಿಗೆ ಒಂದು ಮೂಗುತಿ. ಊರಿಗೂ ಲೋಕಕ್ಕೂ ನಡುವೆ ಇದ್ದದ್ದು ಒಂದೇ ಹರಿಗೋಲು, ಬಿದಿರಿನ ದೊಡ್ಡ ಬುಟ್ಟಿಗೆ ತೊಗಲು ಹೊದಿಸಿದ್ದು. ಅದು ಒಬ್ಬ ಅಂಬಿಗಿತ್ತಿಯದು.

ಅವಳಿಗೆ ಆ ಕಡವು, ಎಂದರೆ ಜನರನ್ನು ಹೊಳೆ ದಾಟಿಸುವ ಹಕ್ಕು, ಅಪ್ಪನಿಂದ ಬಂದಿತ್ತು. ಹೆಂಗಸು ಹುಟ್ಟು ಹಾಕುವುದನ್ನು ಕಂಡು ಊರು ಮೊದಮೊದಲು ನಕ್ಕಿತ್ತು. ಮಳೆಗಾಲ ಬಂದು ಹೊಳೆ ತುಂಬಿದ ಮೇಲೆ ನಗುವುದನ್ನು ಬಿಟ್ಟಿತ್ತು. ಅವಳಿಗೆ ಹೊಲವಿರಲಿಲ್ಲ, ದನವಿರಲಿಲ್ಲ. ಕಡವು ಹೋದರೆ ಅವಳಿಗೆ ಉಳಿಯುವುದು ಎರಡು ತೋಳು ಮಾತ್ರ.

ಹೊಳೆ ತುಂಬಿದ್ದ ಕಾಲದಲ್ಲೇ ಒಬ್ಬ ಬಳೆಗಾರ್ತಿ ನಡುಗಡ್ಡೆಗೆ ಬಂದಳು. ಎರಡು ದಿನ ಮನೆಮನೆ ತಿರುಗಿ ಹೆಂಗಸರ ಕೈಗೆಲ್ಲ ಬಳೆ ಇಟ್ಟಳು. ಮೂರನೆಯ ದಿನ ಮಧ್ಯಾಹ್ನ ಗಂಟು ಕಟ್ಟಿಕೊಂಡು ಕಡವಿಗೆ ಬಂದಳು.

ಹರಿಗೋಲು ಹೊರಟ ಮೇಲೆ ಅಂಬಿಗಿತ್ತಿ ಕೇಳಿದಳು. “ಇಷ್ಟು ಊರು ಸುತ್ತುತ್ತೀಯಲ್ಲ ತಾಯಿ, ಕಾಲು ನೋಯಲ್ವಾ?”

“ಕೂತರೆ ನೋಯುತ್ತೆ.”

“ಮನೆಯವರು ಏನೂ ಅನ್ನಲ್ವಾ?”

“ಅಂತಾರೆ. ನಾನು ಅಷ್ಟು ಹೊತ್ತಿಗೆ ಮುಂದಿನ ಊರಲ್ಲಿರ್ತೀನಿ.” ಬಳೆಗಾರ್ತಿ ಅವಳ ಬರಿಗೈ ನೋಡಿದಳು. “ನೀನೇ ಒಬ್ಬಳು ಇಡಿಸಿಕೊಳ್ಳಲಿಲ್ಲ ನೋಡು.”

“ಹುಟ್ಟು ಹಾಕೋ ಕೈಗೆ ಬಳೆ ನಿಲ್ಲಲ್ಲಮ್ಮ.”

ದಡ ಬಂತು. ಬಳೆಗಾರ್ತಿ ನಗುತ್ತ ಇಳಿದು ಹೋದಳು. ಅಂಬಿಗಿತ್ತಿ ಹಿಂತಿರುಗಿದಳು. ಅಂದು ಬೇರೆ ಯಾರೂ ದಾಟುವವರಿರಲಿಲ್ಲ. ಹರಿಗೋಲಿನ ತೊಗಲು ಹಳತಾಗಿತ್ತು. ಅವಳು ಅದನ್ನು ಕಿತ್ತು ಹೊಸ ತೊಗಲು ಹೊಲಿದು, ಹರಿಗೋಲನ್ನು ಕಡವಿನಲ್ಲಿ ಬೋರಲು ಹಾಕಿದಳು. ಹೊಸ ತೊಗಲು ಒಣಗುವವರೆಗೆ ಹರಿಗೋಲು ನೀರು ಮುಟ್ಟಕೂಡದು. ನಾಯಿಗಳು ಬಾಯಿ ಹಾಕದಂತೆ ಊರ ತಳವಾರ ಬೆಳಗಿನವರೆಗೂ ಅದರ ಪಕ್ಕದಲ್ಲೇ ಕಾವಲು ಕೂತ.

ಸಂಜೆ ಗುಡಿಯಲ್ಲಿ ಮಂಗಳಾರತಿ ಆಯಿತು. ತಳವಾರನೊಬ್ಬನನ್ನು ಬಿಟ್ಟು ಊರೆಲ್ಲ ಸೇರಿತ್ತು. ಆರತಿಯ ಬೆಳಕಿಗೆ ದೇವಿಯ ಮೂಗುತಿ ಹೊಳೆದದ್ದನ್ನು ಎಲ್ಲರೂ ನೋಡಿದರು. ಬೆಳಗ್ಗೆ ಪೂಜಾರಿ ಗುಡಿಯ ಬಾಗಿಲು ತೆಗೆದಾಗ ಮೂಗುತಿ ಇರಲಿಲ್ಲ.

ಊರು ಯೋಚಿಸುತ್ತ ಕೂರಲಿಲ್ಲ. ಬಳೆಗಾರ್ತಿ ಎಂದಿತು. ಒಂದೇ ಕಡೆ ನೆಲೆ ನಿಂತವರು ಲೋಕವನ್ನು ನೋಡುವ ರೀತಿ ಅದು. ಕಾಣೆಯಾದ ವಸ್ತುವೆಲ್ಲ ನಡೆದು ಹೋದವರ ಗಂಟಿನಲ್ಲಿರುತ್ತದೆ. ನಡೆದು ಹೋದವಳು ಹೆಂಗಸಾಗಿದ್ದರೆ ಗಂಟು ಬಿಚ್ಚಿಸಿ ನೋಡುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ.

ನ್ಯಾಯ ಹೇಳಲು ಆಚೆ ದಡದ ಗೌಡ ಬಂದ. ಎರಡು ದಡಕ್ಕೂ ನಡುಗಡ್ಡೆಗೂ ಅವನದೇ ಮಾತು. ತೊಗಲು ಒಣಗಿದ ಮೇಲೆ ಅವನನ್ನು ಕರೆತಂದವಳೂ ಅಂಬಿಗಿತ್ತಿಯೇ. ಗೌಡ ತನ್ನ ಮಗಳನ್ನು ಇದೇ ನಡುಗಡ್ಡೆಗೆ ಕೊಟ್ಟಿದ್ದ. ಆ ಮನೆಗೂ ಗುಡಿಗೂ ನಡುವೆ ಒಂದೇ ಗೋಡೆ. ಗುಡಿಯ ಬೀಗದ ಕೈ ಅದೇ ಮನೆಯ ಗೂಟಕ್ಕೆ ತೂಗುತ್ತಿತ್ತು. ಇದು ಊರಿಗೆಲ್ಲ ಗೊತ್ತಿತ್ತು. ಊರಿಗೆಲ್ಲ ಗೊತ್ತಿರುವುದನ್ನು ಯಾರೂ ಬಾಯಿಬಿಟ್ಟು ಹೇಳುವ ಪದ್ಧತಿ ಅಲ್ಲಿರಲಿಲ್ಲ.

ಆ ಹೊಳೆಯ ಮೇಲೆ ಹಿಂದಿನಿಂದ ಬಂದ ಒಂದು ಕಟ್ಟಳೆ ಇತ್ತು. ಕಳ್ಳರನ್ನು ದಾಟಿಸಿದ ಅಂಬಿಗರು ಕಡವು ಬಿಡಬೇಕು. ಬಿಡುವ ಮುನ್ನ ತಮ್ಮ ಹರಿಗೋಲಿನ ತೊಗಲನ್ನು ತಮ್ಮ ಕೈಯಾರೆ ಸೀಳಬೇಕು. ಆ ಕೆಲಸಕ್ಕೆ ಬೇರೆಯವರು ಕೈ ಹಾಕುವ ಹಾಗಿಲ್ಲ.

ಗುಡಿಯ ಮುಂದೆ ಸಭೆ ಕೂತಿತು. ಗೌಡ ಅಂಬಿಗಿತ್ತಿಯನ್ನು ಮುಂದಕ್ಕೆ ಕರೆದ. ಗದರಲಿಲ್ಲ. ಅವನು ಗದರುವ ಜಾತಿಯ ಮನುಷ್ಯನೇ ಅಲ್ಲ, ಮೃದುವಾಗಿ ಮಾತಾಡಿ ಕೆಲಸ ತೆಗೆಯುವವನು.

“ನೋಡಮ್ಮ, ನಿನ್ನ ಮೇಲೆ ನಮಗೆ ಸಿಟ್ಟಿಲ್ಲ. ಕಳ್ಳಿ ಅಂತ ಗೊತ್ತಿಲ್ಲದೆ ದಾಟಿಸಿದೆ ಅಂತ ಒಂದು ಮಾತು ಹೇಳು. ನಿನ್ನ ಕಡವು ನಿನಗೇ ಇರಲಿ. ಬಳೆಗಾರ್ತಿ ಏನು ಮತ್ತೆ ಈ ಕಡೆ ಬರ್ತಾಳಾ?”

ಅಂಬಿಗಿತ್ತಿ ಆಚೆ ದಡದ ಕಡೆ ನೋಡಿದಳು. ಒಂದೇ ಮಾತು. ಹೇಳಿದರೆ ನಾಳೆಯೂ ಒಲೆ ಉರಿಯುತ್ತದೆ. ಆದರೆ ಆ ಮಾತು ಹೊಳೆಯ ಎರಡೂ ದಡದ ಮೇಲೆ ಬಳೆಗಾರ್ತಿಗಿಂತ ಮುಂಚೆ ಓಡುತ್ತದೆ. ಆಮೇಲೆ ಯಾವ ಮನೆಯ ಹೆಂಗಸೂ ಅವಳ ಮುಂದೆ ಕೈ ನೀಡುವುದಿಲ್ಲ. ಕೈ ನೀಡುವವರಿಲ್ಲದ ಬಳೆಗಾರ್ತಿ ಎಲ್ಲಿಗೆ ಹೋಗಬೇಕು?

“ಅವಳು ಕದ್ದಿಲ್ಲ, ಗೌಡ್ರೇ,” ಎಂದಳು.

“ನೀನು ನೋಡಿದೆಯಾ?”

“ನೋಡಬೇಕಾಗಿಲ್ಲ. ನೀವೆಲ್ಲ ನೋಡಿದ್ದನ್ನೇ ಹೇಳ್ತೀನಿ. ಅವಳು ಮಧ್ಯಾಹ್ನವೇ ಆಚೆ ದಡ ಸೇರಿದಳು. ಒಪ್ತೀರಾ?”

“ಒಪ್ಪಿದೆ.”

“ಸಂಜೆ ಆರತಿಯಲ್ಲಿ ಮೂಗುತಿ ದೇವಿ ಮೂಗಿನಲ್ಲೇ ಇತ್ತು.”

“ಇತ್ತು. ಎಲ್ಲರೂ ನೋಡಿದ್ದಾರೆ.”

“ಮಧ್ಯಾಹ್ನದಿಂದ ಬೆಳಗಿನವರೆಗೆ ಹರಿಗೋಲು ಬೋರಲು ಬಿದ್ದಿತ್ತು. ತಳವಾರಣ್ಣ ಪಕ್ಕದಲ್ಲೇ ಕೂತಿದ್ದ.”

ತಳವಾರ ತಲೆಯಾಡಿಸಿದ. ಗೌಡನೂ ಆಡಿಸಿದ.

“ಹೊಳೆ ಹಿಂಗೆ ತುಂಬಿರುವಾಗ ಹರಿಗೋಲಿಲ್ಲದೆ ದಾಟಿ ಬರೋರು ಯಾರೂ ಇಲ್ಲ.”

“ಯಾರೂ ಇಲ್ಲ.”

“ಆದ್ದರಿಂದ ಅವಳು ವಾಪಸ್ ಬಂದಿಲ್ಲ. ಬಾರದವಳು ಮೂಗುತಿ ಮುಟ್ಟಿಲ್ಲ.”

ಗೌಡ ಎಲೆ ಅಡಿಕೆ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದ. ಅಂಬಿಗಿತ್ತಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಕಣ್ಣು ಒಂದು ಗಳಿಗೆ ಗುಡಿಯ ಪಕ್ಕದ ಮನೆಯ ಕಡೆ ಹೋಗಿ ಬಂದದ್ದು ಅವಳಿಗೆ ಕಂಡಿತು.

“ನೀನು ಹೇಳಿದ್ದೆಲ್ಲ ಒಪ್ಪಿದೆ,” ಎಂದ. “ಕೊನೆಯದೊಂದು ಬಿಟ್ಟು.”

“ಮಿಕ್ಕಿದ್ದೆಲ್ಲ ಒಪ್ಪಿದ ಮೇಲೆ ಅದನ್ನೂ ಒಪ್ಪಬೇಕಲ್ಲ, ಗೌಡ್ರೇ?”

“ಮಿಕ್ಕಿದ್ದು ಒಪ್ಪಿದವರು ಕೊನೆಯದನ್ನೂ ಒಪ್ಪಬೇಕು ಅಂತ ನಮ್ಮ ಕಟ್ಟಳೆಯಲ್ಲಿ ಎಲ್ಲಿದೆ?”

“ಇಲ್ಲದಿದ್ದರೆ ಈಗ ಸೇರಿಸಿ.”

“ಆಗಲಿ, ಸೇರಿಸಿದೆ,” ಎಂದ ಗೌಡ. “ಇಷ್ಟು ಮಾತು ಒಪ್ಪಿದವರು ಕೊನೆಯದನ್ನೂ ಒಪ್ಪಬೇಕು. ಇದೂ ಒಂದು ಮಾತಾಯಿತು. ಈಗ ಇದನ್ನೂ ಸೇರಿಸಿಕೊಂಡು ಎಲ್ಲ ಒಪ್ಪಿದವರು ಕೊನೆಯದನ್ನು ಒಪ್ಪಬೇಕು ಅಂತ ಎಲ್ಲಿದೆ?”

ಸಭೆ ಗೊಳ್ಳೆಂದು ನಕ್ಕಿತು. ಗೌಡನ ಜಾಣತನಕ್ಕೆ ಒಬ್ಬರನ್ನೊಬ್ಬರು ನೋಡಿ ತಲೆದೂಗಿದರು.

ಅಂಬಿಗಿತ್ತಿ ನಗಲಿಲ್ಲ. ಅವಳಿಗೆ ಅರ್ಥವಾಗಿತ್ತು. ಇನ್ನೊಂದು ಕಟ್ಟಳೆ ಸೇರಿಸಿ ಎಂದರೆ ಇವನು ಸೇರಿಸುತ್ತಾನೆ. ಅದರ ಮೇಲೆ ಮತ್ತೊಂದು ಕೇಳುತ್ತಾನೆ. ಕಾಲೆತ್ತಿ ಇಡಲು ಮನಸ್ಸಿಲ್ಲದವನಿಗೆ ಎಷ್ಟು ಮೆಟ್ಟಿಲು ಕಟ್ಟಿಕೊಟ್ಟರೂ ಅವನು ಕೆಳಗೇ ನಿಂತಿರುತ್ತಾನೆ. ಆ ಒಂದು ಹೆಜ್ಜೆಯನ್ನು ಅವನ ಪರವಾಗಿ ಬೇರೆ ಯಾರೂ ಇಡಲಾರರು, ಯಾವ ಕಟ್ಟಳೆಯೂ ಇಡಲಾರದು.

“ಕೊನೆಯ ಸಲ ಕೇಳ್ತೀನಿ,” ಎಂದ ಗೌಡ. “ಕಳ್ಳಿ ಅಂತ ಹೇಳ್ತೀಯೋ ಇಲ್ಲವೋ?”

“ಇಲ್ಲ.”

“ಹಾಗಾದರೆ ನಾನೇನು ಮಾಡಲಿ, ಕಟ್ಟಳೆ ಕಟ್ಟಳೆಯೇ. ಕಳ್ಳಿಯನ್ನು ದಾಟಿಸಿದವಳು ನೀನು. ಕಡವು ಬಿಡು. ತೊಗಲು ಸೀಳು.”

ತೀರ್ಪಾಯಿತು. ಜನ ಎದ್ದರು. ಗೌಡನೂ ಮೇಲ್ವಸ್ತ್ರ ಕೊಡವಿಕೊಂಡು ಎದ್ದ. ತೀರ್ಪಿನ ಗತ್ತಿನಲ್ಲಿ ಅವನಿಗೆ ಒಂದು ಸಣ್ಣ ಸಂಗತಿ ಮರೆತೇ ಹೋಗಿತ್ತು. ಅವನ ಮನೆ ಇದ್ದದ್ದು ಆಚೆ ದಡದಲ್ಲಿ.

ಕಡವಿಗೆ ಬಂದ ಮೇಲೆ ನೆನಪಾಯಿತು. ಕೆಮ್ಮಿದ. “ನನ್ನನ್ನು ಆ ಕಡೆ ಬಿಟ್ಟುಬಿಡಮ್ಮ,” ಎಂದ.

“ಹತ್ತಿ, ಗೌಡ್ರೇ,” ಎಂದಳು ಅಂಬಿಗಿತ್ತಿ.

ತುಂಬಿದ ಹೊಳೆಯಲ್ಲಿ ಹರಿಗೋಲು ನೇರವಾಗಿ ಹೋಗುವುದಿಲ್ಲ. ತಿರುಗುತ್ತ ಹೋಗುತ್ತದೆ. ಹುಟ್ಟು ಹಾಕುವವರಿಗೆ ಅದು ರೂಢಿ, ಕೂತವರಿಗೆ ಅಲ್ಲ. ಗೌಡ ಅಂಚು ಹಿಡಿದುಕೊಂಡು ಕೂತಿದ್ದ. ನಡುಹೊಳೆಗೆ ಬಂದಾಗ ಅಂಬಿಗಿತ್ತಿ ಹುಟ್ಟನ್ನು ಮೊಣಕಾಲ ಮೇಲಿಟ್ಟುಕೊಂಡಳು. ಸೊಂಟದಿಂದ ಚೂರಿ ತೆಗೆದಳು. ಬಿದಿರಿನ ಹೆಣಿಗೆಯ ಸಂದಿಯಲ್ಲಿ ಅದನ್ನು ತೂರಿಸಿ, ತೊಗಲನ್ನು ಹೆಬ್ಬೆರಳಿನಷ್ಟು ಸೀಳಿದಳು.

ನೀರು ಚಿಮ್ಮಿತು.

“ಏನೇ ಮಾಡ್ತಿದ್ದೀಯಾ?”

“ನಿಮ್ಮ ತೀರ್ಪು ನಡೆಸ್ತಿದ್ದೀನಿ. ತೊಗಲು ಸೀಳು ಅಂದಿರಿ. ಸೀಳಿದೆ.”

“ಇಲ್ಲೇ?”

“ಎಲ್ಲಿ ಅಂತ ನೀವು ಹೇಳಲಿಲ್ಲ.”

ಅಷ್ಟರಲ್ಲಿ ಗೌಡನ ಬಲಗಾಲಿನ ಹಿಮ್ಮಡಿ ತೂತಿನ ಮೇಲೆ ಊರಿ ಕೂತಿತ್ತು. ಹಿಮ್ಮಡಿಯ ಸುತ್ತ ನೀರು ಇನ್ನೂ ಸ್ವಲ್ಪ ಸ್ವಲ್ಪ ಜಿನುಗುತ್ತಿತ್ತು.

“ಕಾಲು ತೆಗೀರಿ, ಗೌಡ್ರೇ.”

“ಹುಚ್ಚು ಹಿಡಿದಿದೆಯೇನೇ ನಿನಗೆ? ತೆಗೆದರೆ ನೀರು ತುಂಬುತ್ತೆ. ಮುಳುಗಿ ಹೋಗ್ತೀವಿ.”

“ಹಂಗಂತ ಯಾರು ತೀರ್ಮಾನ ಮಾಡಿದರು?” ಅವಳು ಹುಟ್ಟು ಮುಟ್ಟಲಿಲ್ಲ. ಹರಿಗೋಲು ತನ್ನ ಪಾಡಿಗೆ ತಿರುಗುತ್ತಿತ್ತು. “ತೂತು ಬಿದ್ದ ಹರಿಗೋಲಿಗೆ ನೀರು ತುಂಬುತ್ತೆ. ಒಪ್ಪಿದೆ. ಇದು ತೂತು ಬಿದ್ದ ಹರಿಗೋಲು. ಅದನ್ನೂ ಒಪ್ಪಿದೆ. ಇದಕ್ಕೆ ನೀರು ತುಂಬುತ್ತೆ ಅನ್ನೋದು ಬೇರೆ ಮಾತು. ಮೊದಲೆರಡು ಒಪ್ಪಿದವರು ಇದನ್ನೂ ಒಪ್ಪಬೇಕು ಅಂತ ನಮ್ಮ ಕಟ್ಟಳೆಯಲ್ಲಿ ಎಲ್ಲಿದೆ? ಸಭೆ ಕರೆಸೋಣ. ಅಲ್ಲಿವರೆಗೂ ಕಾಲು ತೆಗೆದು ಆರಾಮಾಗಿ ಕೂತ್ಕೊಳ್ಳಿ.”

“ತೆಗೆಯಲ್ಲ.”

“ಯಾಕೆ?”

“ಯಾಕೆ ಅಂದರೆ...” ಗೌಡ 'ಯಾಕೆ' ಎಂಬಲ್ಲಿಗೇ ನಿಂತ. ಅವನ ಹಿಮ್ಮಡಿ ಮಾತ್ರ ಇನ್ನಷ್ಟು ಒತ್ತಿ ಕೂತಿತು.

ಇಲ್ಲಿ ಬಂಕಯ್ಯನಿಗೆ ತಡೆಯಲಾಗಲಿಲ್ಲ.

“ಅವ್ವಾ, ಕ್ಷಮಿಸಬೇಕು. ಇದು ಬೆದರಿಕೆ. ‘ಆದ್ದರಿಂದ’ ಎಂಬುದರ ಬಲವೆಂದರೆ ಪ್ರಾಣಭಯವೇ? ಹಾಗಾದರೆ ನಾನೂ ಸಭೆಗೆ ಚೂರಿ ಹಿಡಿದು ಹೋಗಬೇಕಿತ್ತು.”

“ಗೌಡ ಧೈರ್ಯವಂತನಾಗಿದ್ದರೆ ಹರಿಗೋಲು ತೇಲುತ್ತಿತ್ತೇ?” ಎಂದಳು ಹೊನ್ನವ್ವೆ.

“ಇಲ್ಲ.”

“ಅವನು ನಿದ್ದೆ ಹೋಗಿದ್ದರೆ?”

“ಆಗಲೂ ಮುಳುಗುತ್ತಿತ್ತು.”

“ಊರೆಲ್ಲ ಸೇರಿ, ಮುಳುಗಕೂಡದು ಎಂದು ಅದಕ್ಕೆ ಅಪ್ಪಣೆ ಮಾಡಿದ್ದರೆ?”

ಬಂಕಯ್ಯನ ತುಟಿಯಂಚು ಮೊದಲ ಸಲ ಸಡಿಲವಾಯಿತು.

“ಭಯ ಗೌಡನಿಗೆ ಹೊಸದೇನನ್ನೂ ಹೇಳಿಕೊಡಲಿಲ್ಲ,” ಎಂದಳು ಹೊನ್ನವ್ವೆ. “ಗೊತ್ತಿಲ್ಲದವನ ಹಾಗೆ ಕೂರುವ ಪುರುಸೊತ್ತನ್ನು ಕಿತ್ತುಕೊಂಡಿತು, ಅಷ್ಟೇ. ಭಯದಿಂದ ಸುಳ್ಳನ್ನೂ ಒಪ್ಪಿಸಬಹುದು. ಅದು ನಿನಗೆ ಗೊತ್ತಿರುವ ಹಾಗೆ ಆ ಅಂಬಿಗಿತ್ತಿಗೂ ಗೊತ್ತಿತ್ತು. ಮುಂದಿನದನ್ನು ಕೇಳು.”

ನೀರು ಗೌಡನ ಪಾದವನ್ನು ಮುಚ್ಚುವಷ್ಟಾಯಿತು. ಅವನು ಕೈಮುಗಿದ.

“ಬಳೆಗಾರ್ತಿ ಕದ್ದಿಲ್ಲ. ಆಯಿತಾ? ಒಪ್ಪಿದೆ. ಈಗ ದಡ ಸೇರಿಸು, ತಾಯಿ.”

ಅಂಬಿಗಿತ್ತಿ ಹುಟ್ಟು ಕೈಗೆತ್ತಿಕೊಂಡಳು. “ಆ ಮಾತು ನನಗೆ ಬೇಡ,” ಎಂದಳು. “ಅದನ್ನು ಆಡಿದ್ದು ನೀರು, ನೀವಲ್ಲ. ಇಲ್ಲಿ ನೀರಿಗೆ ಹೆದರಿ ಕದ್ದಿಲ್ಲ ಅಂತೀರಿ. ದಡಕ್ಕೆ ಹೋದ ಮೇಲೆ ಜನಕ್ಕೆ ಹೆದರಿ ಕದ್ದಳು ಅಂತೀರಿ. ಕಾಲು ಎತ್ತಬೇಡಿ, ಹಂಗೇ ಕೂತಿರಿ.”

ಅವಳು ಹುಟ್ಟು ಹಾಕಿದಳು. ಅವನು ಕಾಲು ಎತ್ತಲಿಲ್ಲ. ಹರಿಗೋಲು ಆಚೆ ದಡ ಮುಟ್ಟಿತು.

ದಡದಲ್ಲಿ ಗೌಡನನ್ನು ಹಿಡಿದುಕೊಂಡವರು ಯಾರೂ ಇರಲಿಲ್ಲ. ಅದು ಅವನ ಊರು, ಅವನ ಜನ. ಕೂಗಿದರೆ ಹತ್ತಾಳು ಓಡಿ ಬರುತ್ತಿದ್ದರು. ಅಂಬಿಗಿತ್ತಿ ಹರಿಗೋಲನ್ನು ಮೇಲಕ್ಕೆ ಎಳೆದು, ನೀರು ಚೆಲ್ಲಿ, ಬೋರಲು ಹಾಕಿ, ಅದರ ಪಕ್ಕದಲ್ಲಿ ಕೂತಳು. ಓಡಿ ಹೋಗಲಿಲ್ಲ.

ಗೌಡನಿಗೆ ಮೊದಲು ಉಸಿರು ಬಂತು, ಆಮೇಲೆ ಸಿಟ್ಟು ಬಂತು.

“ನೀನು ಮಾಡಿದ್ದಕ್ಕೆ ನಿನ್ನನ್ನು ಈಗಿಂದೀಗಲೇ ಕಟ್ಟಿಹಾಕಿಸಬಲ್ಲೆ.”

“ಕಟ್ಟಿಹಾಕಿಸಿ.”

“ಊರಿಂದ ಹೊರಗೆ ಹಾಕಿಸಬಲ್ಲೆ.”

“ಹಾಕಿಸಿ. ನಾನು ಮಾಡಿದ್ದು ತಪ್ಪೇ. ನನ್ನನ್ನು ಕಟ್ಟಿಹಾಕಿಸಿದರೆ ಬಳೆಗಾರ್ತಿ ಆವತ್ತು ರಾತ್ರಿ ನಡುಗಡ್ಡೆಗೆ ವಾಪಸ್ ಹೋದ ಹಾಗಾಗುತ್ತಾ, ಗೌಡ್ರೇ?”

ಗೌಡ ಒದ್ದೆಯಾದ ಪಂಚೆಯ ಅಂಚು ಹಿಂಡಿದ.

“ನಿಮಗೆ ಅದು ತಿಳಿಯಲಿಲ್ಲ ಅಂತ ನಾನು ಹೇಳಲ್ಲ,” ಎಂದಳು ಅವಳು. “ತಿಳಿಯದವರಾಗಿದ್ದರೆ ಅಷ್ಟು ಚೆನ್ನಾಗಿ ತಪ್ಪಿಸಿಕೊಳ್ಳೋಕೆ ಆಗ್ತಿರಲಿಲ್ಲ. ಗುಂಡಿ ಎಲ್ಲಿದೆ ಅಂತ ಕಾಣದವನು ಅದನ್ನು ಸುತ್ತಿಕೊಂಡು ಹೋಗೋದು ಹೆಂಗೆ? ನಾನು ಕೊನೆ ಮಾತು ಹೇಳೋಕೆ ಮುಂಚೆಯೇ ನೀವು ಅಲ್ಲಿಗೆ ಹೋಗಿ ಬಂದಿದ್ರಿ. ಬಳೆಗಾರ್ತಿ ಅಲ್ಲ ಅಂದರೆ ಊರೊಳಗಿನವರು. ಊರೊಳಗಿನವರು ಅಂದರೆ ಮನೆಮನೆ ಬಾಗಿಲು. ಆ ಬಾಗಿಲುಗಳಲ್ಲಿ ಒಂದು ನಿಮಗೆ ಬೇಕಾದವರದು. ಸಭೆ ಮುಂದೆ ನನ್ನನ್ನು ಕೇಳಿದ್ರಲ್ಲ, ಒಪ್ಪಬೇಕು ಅಂತ ಎಲ್ಲಿದೆ ಅಂತ. ಎಲ್ಲೂ ಇಲ್ಲ. ಒಪ್ಪದೇ ಇರಬಹುದು, ಮನೆಗೆ ಹೋಗಿ ಊಟ ಮಾಡಿ ಮಲಗಬಹುದು. ಯಾರೂ ನಿಮ್ಮನ್ನು ಕೇಳಲ್ಲ.”

ಗೌಡ ಮನೆಯ ದಾರಿ ಹಿಡಿದ.

ಅವಳು ತಿರುಗಿ ನೋಡಲಿಲ್ಲ. ನೋಡಿ ಆಗಬೇಕಾದದ್ದೇನೂ ಇರಲಿಲ್ಲ. ಮುಂದೆ ಯಾವ ಊರಿಗೆ ಹೋಗುವುದು, ಯಾರ ಹೊಲದಲ್ಲಿ ಕಳೆ ಕೀಳುವುದು ಎಂದು ಯೋಚಿಸಿದಳು. ಹೊಳೆ ಬಿಟ್ಟರೆ ಅವಳಿಗೆ ಬೇರೆ ಯಾವ ಕೆಲಸವೂ ಗೊತ್ತಿರಲಿಲ್ಲ. ಒಂದು ಮಾತು ಹೇಳಿಬಿಟ್ಟಿದ್ದರೆ ಮುಗಿದಿತ್ತಲ್ಲ ಎಂದೂ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಹಿಂದೆ ಹೆಜ್ಜೆಯ ಸದ್ದಾಯಿತು. ಒಬ್ಬನದೇ ಹೆಜ್ಜೆ.

“ತೊಗಲು ಹೊಲಿ,” ಎಂದ ಗೌಡ.

“ಹೊಲಿಯೋ ಹಕ್ಕು ಕಡವು ಇರೋರಿಗೆ ಮಾತ್ರ. ನನಗೆ ಕಡವಿಲ್ಲ.”

ಗೌಡ ಹೊಳೆಯ ಕಡೆ ನೋಡುತ್ತ ನಿಂತ. ಅಂಬಿಗಿತ್ತಿ ಅವಸರ ಮಾಡಲಿಲ್ಲ.

“ಬಳೆಗಾರ್ತಿ ಕದ್ದಿಲ್ಲ,” ಎಂದ. “ನೀನು ಕಳ್ಳಿಯನ್ನು ದಾಟಿಸಿಲ್ಲ. ಕಡವು ನಿನ್ನದು. ಇದನ್ನೆಲ್ಲ ಸಭೆಯ ಮುಂದೆ ಹೇಳ್ತೀನಿ.” ಹೊಳೆಯ ಆಚೆಗೆ ಕೈ ತೋರಿದ. “ಮೂಗುತಿ ನಡುಗಡ್ಡೆಯಲ್ಲೇ ಇದೆ. ಹೊಲಿ. ಹೋಗಿ ಹುಡುಕಿಸಬೇಕು.”

“ಯಾವ ಮನೆಯಿಂದ ಶುರು ಮಾಡ್ತೀರಿ?”

“ಗುಡಿಗೆ ಹತ್ತಿರ ಇರೋ ಮನೆಯಿಂದ.”

ಅಂಬಿಗಿತ್ತಿ ಸೂಜಿ ತೆಗೆದಳು. ನೆನೆದ ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಗೌಡ ಸೂಜಿ ಇಸಿದುಕೊಂಡು, ಕಣ್ಣು ಕಿರಿದು ಮಾಡಿ, ತಾನೇ ದಾರ ಪೋಣಿಸಿ ಕೊಟ್ಟ.

ಹೊನ್ನವ್ವೆ ಕತೆ ಅಲ್ಲಿಗೆ ನಿಲ್ಲಿಸಿದಳು. ಬಂಕಯ್ಯ ಇನ್ನೂ ಕಾಯುತ್ತಿದ್ದ.

“ಮೂಗುತಿ ಮಗಳ ಮನೆಯಲ್ಲಿ ಸಿಕ್ಕಿತು, ಅಲ್ಲವೇ?”

“ನಾನು ಹಾಗೆ ಹೇಳಿದೆನೇ?”

“ಬೀಗದ ಕೈ ಅಲ್ಲೇ ಇತ್ತು. ಗೋಡೆಯೂ ಒಂದೇ. ಗೌಡನೂ ಹೆದರಿದ್ದ.”

“ಮೂಗುತಿ ನಡುಗಡ್ಡೆಯಲ್ಲಿದೆ ಎಂಬಲ್ಲಿಯವರೆಗೆ ದಾರಿ ಇದೆ. ಅಲ್ಲಿಂದ ಮಗಳ ಮನೆಗೆ ನೀನು ಹಾರಿದೆ. ಹೀಗೆ ಹಾರಿಯೇ ಆ ಊರು ಬಳೆಗಾರ್ತಿಯ ಗಂಟಿನ ಮೇಲೆ ಬಿದ್ದದ್ದು. ದಾರಿ ಇರುವಲ್ಲಿ ನಡೆಯದೆ ನಿಂತವನು ಗೌಡ, ದಾರಿ ಇಲ್ಲದಲ್ಲಿ ನಡೆದವರು ಊರಿನವರು. ಈಗ ನೀನು ಯಾರ ಜೊತೆ ಸೇರಿದೆ ನೋಡಿಕೋ.”

ಬಂಕಯ್ಯನ ಮುಖ ಕೆಂಪಾಯಿತು. ಆದರೂ ಬಂದ ಕೆಲಸ ಬಿಡಲಾಗಲಿಲ್ಲ.

“ಆ ಹಾರಿದ್ದು ತಪ್ಪು, ಒಪ್ಪಿದೆ. ಸಭೆಯಲ್ಲಿ ಹೇಳಿದ್ದರಲ್ಲಿ ನಾನು ಹಾರಿರಲಿಲ್ಲ, ಅವ್ವಾ. ಒಂದೊಂದು ಹೆಜ್ಜೆಯನ್ನೂ ಮತ್ತೆ ಮತ್ತೆ ನೋಡಿದ್ದೇನೆ, ಬಿರುಕಿಲ್ಲ. ನಾನು ಮತ್ತೆ ಆ ಸಭೆಗೆ ಹೋಗುತ್ತೇನೆ. ಹೋಗುವ ಮುನ್ನ, ಬಂಕಯ್ಯನ ವಾದ ಸರಿ ಎಂದು ನಿಮ್ಮ ಬಾಯಿಂದ ಒಂದು ಮಾತು ಬಂದರೆ...”

ಹೊನ್ನವ್ವೆ ಗಂಟನ್ನು ಹೆಗಲಿಗೇರಿಸಿಕೊಂಡು ಜಗಲಿಯಿಂದ ಇಳಿದಳು.

“ತೂತಿನ ಮೇಲೆ ಕಾಲೂರುವ ಮುನ್ನ ಆ ಗೌಡ ಯಾರ ಬಾಯಿಂದ ಮಾತು ಬರಲೆಂದು ಕಾದ, ಬಂಕಯ್ಯಾ?”